ಹೆಸರು ಕೊರೆಸಿದ ಕೊಡ

ಮಳೆಯಿಲ್ಲ, ಮೋಡವೂ ಇಲ್ಲ. ಆದರೂ ನಮ್ಮ ಶಾಂತಾಳ ಸೀರೆ ಎಡಗಡೆ ಮಾತ್ರ ತೊಯ್ದಿತ್ತು. ಸೊಂಟದಿಂದ ಹಿಮ್ಮಡಿಯವರೆಗೆ.

ಶಾಂತಾ ನನ್ನ ಅಕ್ಕ ನೀಲವ್ವನ ಮಗಳು. ಈ ಬೇಸಿಗೆಯಲ್ಲಿ ಯರಗುಪ್ಪಿಯಿಂದ ಮೊರಬಕ್ಕೆ ಮದುವೆಯಾಗಿ ಹೋದವಳು. ಮೊನ್ನೆ ಕೆಲಸದ ಮೇಲೆ ನವಲಗುಂದಕ್ಕೆ ಹೊರಟಿದ್ದ ನಾನು, ಹುಡುಗಿಯನ್ನು ನೋಡಿಕೊಂಡೇ ಹೋಗೋಣ ಎಂದು ಮೊರಬದಲ್ಲಿ ಬಸ್ ಇಳಿದೆ. (ಸೋದರಮಾವ ಹೇಳದೆ ಕೇಳದೆ ಹೋದರೆ ಹುಡುಗಿಗೆ ಖುಷಿ, ಬೀಗರಿಗೆ ಗಾಬರಿ.) ಆಕೆ ಕೆರೆಯಿಂದ ನೀರು ತರುತ್ತಿದ್ದಳು. ಸೊಂಟದ ಮೇಲೆ ಫಳಫಳ ಹೊಳೆಯುವ ಹೊಸ ಸ್ಟೀಲ್ ಕೊಡ. ಅದರ ತಳದಿಂದ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು.

"ಏನವಾ ಇದು, ಕೊಡ ಸೋರತೈತಲ್ಲ?" ಎಂದೆ.

"ಮೆಲ್ಲಕ ಮಾತಾಡು ಮಾಮಾ" ಎಂದಳು. ಆಚೆ ಈಚೆ ನೋಡಿದಳು. "ತೂತಿಗೆ ಸಾಬಾಣ ಮೆತ್ತೀನಿ. ಮನೀ ಮುಟ್ಟೂತನಾ ತಡೀತೈತಿ ಅಂದ್ಕೊಂಡಿದ್ದೆ."

ಆ ಕೊಡ ಕೊಳ್ಳುವಾಗ ಅಕ್ಕನ ಜೊತೆ ನಾನೂ ಇದ್ದೆ. ಅಕ್ಕನಿಗೆ ವ್ಯಾಪಾರ ಯಾರೂ ಹೇಳಿಕೊಡಬೇಕಾಗಿಲ್ಲ. ಸಂತೆಯಲ್ಲಿ ಒಂದೊಂದು ಬದನೆಕಾಯಿಯನ್ನೂ ತಿರುವಿ ಹಾಕಿ ನೋಡುವಾಕೆ. ಮಣ್ಣಿನ ಗಡಿಗೆಯಾದರೆ ಬೆರಳಿನಿಂದ ಬಡಿದು, ಕಿವಿಗೊಟ್ಟು ಕೇಳಿ, ನೀರು ಹಾಕಿಸಿ ನೋಡಿ ಆಮೇಲೆ ರೇಟಿನ ಮಾತು. ಅಣ್ಣಿಗೇರಿಯ ಆ ಪಾತ್ರೆ-ಬಾಂಡೆ ಅಂಗಡಿಯಲ್ಲೂ (ಹೆಸರು ಬೇಡ ಬಿಡಿ) ಕೊಡವನ್ನು ಬಿಸಿಲಿಗೆ ಹಿಡಿದು ನೋಡಿ, "ಒಂದೀಟ ನೀರ ಹಾಕಿ ತೋರಸ್ರಿ" ಎಂದಳು.

ಅಂಗಡಿಕಾರ ನಾಲಿಗೆ ಕಚ್ಚಿಕೊಂಡ.

"ಯಕ್ಕಾರ, ಮದುವಿ ಕೊಡಾ ರೀ ಇದು! ಗಂಗಿಪೂಜಿ ಆಗೂಕಿಂತ ಮೊದಲ ಅಂಗಡ್ಯಾಗ ನೀರ ತುಂಬತಾರೇನ್ರಿ?"

ಅಕ್ಕ ನೀರಿನ ಮಾತು ಬಿಟ್ಟಳು. ಮಗಳಿಗೆ ಕೊಡುವ ಕೊಡದಲ್ಲಿ ಮೊದಲು ತುಂಬುವ ನೀರು ಗಂಡನ ಊರಿನ ಗಂಗೆಪೂಜೆಯದೇ ಆಗಬೇಕು ಎಂಬುದು ನಮ್ಮ ಮನೆತನದಲ್ಲಿ ನಡೆದು ಬಂದದ್ದು. ಅದನ್ನು ಅಂಗಡಿಯವನು ನೆನಪಿಸಿದನಲ್ಲ ಎಂದು ಆಕೆಗೆ ಸಂತೋಷವೇ ಆಯಿತು. "ಅಗದಿ ತಿಳದಾಂವ ಅದಾನ ನೋಡ ತಮ್ಮಾ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ತಿಳಿದವನೇ. ನಾವು ಆತನ ಸಾಮಾನು ನೋಡುತ್ತಿದ್ದೆವು. ಆತ ನಮ್ಮನ್ನೇ ನೋಡಿಬಿಟ್ಟಿದ್ದ!

"ಹೆಸರು ಏನಂತ ಹಾಕೂಣ್ರಿ? ನಮ್ಮಲ್ಲಿ ಫ್ರೀ ಐತ್ರಿ" ಎಂದ. ನಾವು ಹೂಂ ಅನ್ನುವುದರೊಳಗೆ ಮಷೀನು ಗುಂಯ್ ಎಂದಿತು. ಕೊಡದ ಕೊರಳ ಸುತ್ತ "ಯರಗುಪ್ಪಿ ನೀಲವ್ವ" ಎಂದು ಬಂತು. ಅಕ್ಕನಿಗೆ ಓದಲು ಬಾರದು. ಆದರೂ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು. ಗಂಡನಿಲ್ಲದೆ ಒಬ್ಬಳೇ ಮಗಳನ್ನು ಬೆಳೆಸಿದವಳು. ಎಲ್ಲಿಯೂ ಬರೆಯದ ಆಕೆಯ ಹೆಸರು ಮಗಳ ಕೊಡದ ಮೇಲಾದರೂ ಇರಲಿ ಎಂದು ನನಗೂ ಅನಿಸಿತು.

ಈಗ ಆ ಕೊಡ ಸೋರುತ್ತಿದೆ. ತಾಮ್ರದ್ದಾದರೆ ಬೆಸುಗೆ ಹಾಕಿಸಬಹುದಿತ್ತು. ಈ ತೆಳು ಸ್ಟೀಲಿಗೆ ಬೆಸುಗೆ ನಿಲ್ಲುವುದಿಲ್ಲವಂತೆ.

ನವಲಗುಂದದ ಕೆಲಸ ಹಾಗೇ ಬಿಟ್ಟು ಅಣ್ಣಿಗೇರಿಗೆ ಹೋದೆ. ಸಿಟ್ಟು ನೆತ್ತಿಗೇರಿತ್ತು. ಗ್ರಾಹಕರ ರಕ್ಷಣೆಗೆ ಹೊಸ ಕಾಯ್ದೆ ಬಂದಿದೆ ಎಂದು ಇದೇ ಅಂಕಣದಲ್ಲಿ ಎಷ್ಟು ಹುರುಪಿನಿಂದ ಬರೆದಿದ್ದೆ, ನಿಮಗೆ ನೆನಪಿರಬಹುದು. ಅದನ್ನೆಲ್ಲ ಅಂಗಡಿಕಾರನೆದುರು ಒಂದೇ ಉಸಿರಿಗೆ ಒದರಿದೆ. ಜಿಲ್ಲಾ ವೇದಿಕೆಗೆ ದೂರು ಕೊಡುತ್ತೇನೆ ಎಂದೆ.

ಆತ ಚಹಾ ತರಿಸಿದ. (ಕುಡಿಯಲಿಲ್ಲ.)

"ಸಿಟ್ಟಿಗೇಳಬ್ಯಾಡ್ರಿ ಮಾಸ್ತರ್ರ. ಹೆಸರು ಕೊರದ ಸಾಮಾನ ನಾವು ವಾಪಸ್ ತಗೋಳಂಗಿಲ್ರಿ. ನಿಮ್ಮ ಅಕ್ಕಾರ ಹೆಸರಿನ ಕೊಡಾ ನಾ ಇನ್ಯಾರಿಗೆ ಮಾರ್ಲಿ? ಆದ್ರೂ ನಿಮ್ಮ ಸಲುವಾಗಿ ನೋಡೂಣು. ಕೊಡಾ ತರ್ರಿ."

ಕೊಡ ತರ್ರಿ! ಎಷ್ಟು ಸುಲಭದ ಮಾತು. ಗೆದ್ದೆ ಅಂದುಕೊಂಡು ಅಲ್ಲಿಂದ ನೇರ ಯರಗುಪ್ಪಿಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು.

"ಹುಚ್ಚ ಅದೀಯೇನೋ ತಮ್ಮಾ? ಕೊಟ್ಟ ಕೊಡಾ ತವರಿಗೆ ತಿರುಗಿ ಬಂದ್ರ ಮಂದಿ ಏನಂತಾರ? ಇವತ್ತ ಕೊಡಾ ಬಂತು, ನಾಳೆ ಹುಡುಗೀನೂ ಬರತಾಳ ಅಂತಾರ."

"ಬೀಗರಿಗೆ ಇದ್ದದ್ದು ಇದ್ಹಂಗ ಹೇಳಿ ತಂದ್ರಾತು."

"ಏನಂತ ಹೇಳ್ಲಿ? ಒಡಕ ಕೊಡಾ ಕೊಟ್ಟಿದ್ನೆವಾ ಅಂತ ನಾನ ಹೇಳ್ಲ್ಯಾ?"

ಕಾಯ್ದೆ ಇದೆ, ವೇದಿಕೆ ಇದೆ, ಫಿರ್ಯಾದಿ ಬರೆದುಕೊಡಲು ನಾನೂ ಇದ್ದೇನೆ. ತೋರಿಸಬೇಕಾದ ಕೊಡ ಮಾತ್ರ ಹೊಸ್ತಿಲು ದಾಟುವಂತಿಲ್ಲ. ಅದು ಆ ಅಂಗಡಿಕಾರನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ಅಷ್ಟು ಸಮಾಧಾನದಿಂದ ಚಹಾ ತರಿಸಿದ್ದ.

ನಮ್ಮ ಸಂಪ್ರದಾಯಗಳ ಮೇಲೆ ನನಗೆ ಸಿಟ್ಟಿಲ್ಲ. ಮಗಳ ಮೊದಲ ನೀರು ಆಕೆಯ ಹೊಸ ಊರಿನದಾಗಲಿ ಎಂಬುದು ಎಷ್ಟು ಚೆಂದದ ಆಸೆ! ಅದನ್ನೇ ಹಿಡಿದು ಒಬ್ಬ ತೂತುಕೊಡ ಮಾರಿದನಲ್ಲ, ಅದು ಹೊಟ್ಟೆಗೆ ಬೆಂಕಿ ಹಾಕಿದ ಹಾಗಾಗಿದೆ. ಮದುವೆ ಸಾಮಾನು ಕೊಳ್ಳಹೊರಟ ಓದುಗರೇ, ದಯವಿಟ್ಟು ನೀರು ಹಾಕಿಸಿ ನೋಡಿ. ಗಂಗಮ್ಮ ಮುನಿಯುವುದಿಲ್ಲ. ಹೆಸರು ಆಮೇಲೆ ಕೊರೆಸಿ.

ನಿನ್ನೆ ಮನಸ್ಸು ತಡೆಯದೆ ಮತ್ತೆ ಮೊರಬಕ್ಕೆ ಹೋದೆ. ಬೇರೆ ಕೊಡ ತಂದುಕೊಡಲೇ ಎಂದು ಶಾಂತಾಳನ್ನು ಕೇಳಿದೆ.

"ಬ್ಯಾಡ ಮಾಮಾ" ಎಂದಳು. "ಹೊಸಾದು ತಂದ್ರ ಹಳೇದು ಸೋರತಿತ್ತು ಅಂತ ಎಲ್ಲಾರಿಗೂ ಗೊತ್ತಾಕ್ಕೈತಿ. ಎಡಗಡೆ ಬಿಟ್ಟು ಬಲಗಡೆ ಹೊತ್ಕೊಂಡ್ರ ಕಟ್ಟಿ ಮ್ಯಾಲ ಕುಂತ ಮಂದಿಗೆ ಕಾಣಂಗಿಲ್ಲ."

ಅತ್ತೆ ಏನಾದರೂ ಅಂದರೇನು ಎಂದು ಕೇಳಿದೆ. ಏನೂ ಅಂದಿಲ್ಲವಂತೆ. ಕೊಡವನ್ನು ಎತ್ತಿ, ತಿರುಗಿಸಿ ತಳ ನೋಡಿ, ಕೊರಳಿನ ಮೇಲಿನ ಅಕ್ಷರಗಳನ್ನು ಮಗನ ಕೈಯಲ್ಲಿ ಓದಿಸಿ, ಸುಮ್ಮನೆ ಕೆಳಗಿಟ್ಟರಂತೆ.

ಮಾಡಿದವನ ಹೆಸರು ಅದರ ಮೇಲಿಲ್ಲ, ಮಾರಿದವನ ಹೆಸರೂ ಇಲ್ಲ. ಆ ಸೋರುವ ಕೊಡದ ಮೇಲಿರುವುದು ನಮ್ಮಕ್ಕನ ಹೆಸರೊಂದೇ.