ಒಂದೇ ಸಾಲಿನ ಸರದಾರ

ನನ್ನ ಅಳಿಯನಿಗೆ ಆ ಹೆಸರಿಟ್ಟವರು ಬೂಟು ಹೊಲಿಯುವ ಕೆಲಸಗಾರರು. ಅವರ ಕಾರ್ಖಾನೆ ದೊಡ್ಡದೇನಲ್ಲ. ಉದ್ದನೆಯ ಒಂದು ಕೋಣೆ, ತುದಿಯಲ್ಲಿ ಗಾಜಿನ ಗೂಡು, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ಪಾದಗಳು. ಕಾಲು ಸೊಟ್ಟಗಿರುವವರಿಗೆ, ಒಂದು ಕಾಲು ಗಿಡ್ಡವಾಗಿರುವವರಿಗೆ, ಬೆರಳು ಕಳೆದುಕೊಂಡವರಿಗೆ ಅಲ್ಲಿ ಅಳತೆ ತೆಗೆದು ಬೂಟು ಮಾಡಿಕೊಡುತ್ತಾರೆ. ನನ್ನ ಎಡಪಾದ ಊದಿಕೊಂಡಾಗಿನಿಂದ ನಾನೂ ಅಲ್ಲಿಯ ಗಿರಾಕಿ.

ಒಂದು ಪಾದವೆಂದರೆ ಒಂದು ಅಳತೆಯಲ್ಲ. ಹಿಮ್ಮಡಿ, ಹೆಬ್ಬೆರಳ ಗಂಟು, ಮೇಲುಬ್ಬು, ಒಳಗುಳಿ, ಹೀಗೆ ಹತ್ತಾರು. ಅವನ್ನೆಲ್ಲ ‘ಟೈಪಿನ ಅಕ್ಕ’ ಎಂದು ಎಲ್ಲರೂ ಕರೆಯುವ ಹೆಂಗಸು ಕಂಪ್ಯೂಟರಿಗೆ ಹಾಕುತ್ತಾಳೆ. ಒಳಗೆ ಅವು ಸೇರುವ ಉಗ್ರಾಣಕ್ಕೆ ಡೇಟಾಬೇಸ್ ಎನ್ನುತ್ತಾರೆ. ಅದನ್ನು ಕಾಯುವುದು ನನ್ನ ಅಳಿಯನ ಉದ್ಯೋಗ. ಎದುರಿಗೆ ಅವನನ್ನು ‘ನೀವು’ ಎನ್ನುತ್ತೇನೆ. ಬರೆಯುವಾಗ ಆ ಹಂಗಿಲ್ಲ.

ಅವನನ್ನು ನೋಡಿದರೆ ಮೊದಲು ಕಾಣುವುದು ಜೇಬಿನ ಬಾಚಣಿಗೆ. ಕೆಲಸ ಶುರುಮಾಡುವ ಮೊದಲು ಒಮ್ಮೆ ತಲೆ ಬಾಚುತ್ತಾನೆ, ಕಂಪ್ಯೂಟರೆಂಬ ಹೆಣ್ಣನ್ನು ನೋಡಲು ಬಂದಿರುವ ಹಾಗೆ. ಮೌಸು ಮುಟ್ಟುವುದಿಲ್ಲ. ಅದು ಮಕ್ಕಳ ಆಟಿಕೆಯಂತೆ. ಕಪ್ಪು ಪರದೆ ತೆರೆದು ಅದರ ಮೇಲೆ ಆಜ್ಞೆಗಳನ್ನು ಟೈಪು ಮಾಡುತ್ತಾನೆ. ಕೊನೆಗೆ ಎಂಟರ್ ಒತ್ತುವಾಗ ಬೆರಳನ್ನು ಮೊಳದೆತ್ತರಕ್ಕೆ ಎತ್ತಿ ಇಳಿಸುತ್ತಾನೆ. ಆಮೇಲೆ ಸುತ್ತ ನೋಡುತ್ತಾನೆ. ಯಾರೂ ನೋಡಿರದಿದ್ದರೆ ಒಂದು ಸಲ ಕೆಮ್ಮಿ ಇನ್ನೊಮ್ಮೆ ಮಾಡುತ್ತಾನೆ.

ಅವನ ಹೆಮ್ಮೆಯೆಲ್ಲ ಇದ್ದದ್ದು ಕಾಪಿ ತೆಗೆಯುವುದರಲ್ಲಿ. ಉಗ್ರಾಣ ಹಾಳಾದರೆ ಇರಲಿ ಎಂದು ದಿನವೂ ಅದರ ನಕಲು ತೆಗೆದು ಬೇರೆ ಕಡೆ ಇಡಬೇಕು. ಡೇಟಾಬೇಸಿನ ಜೊತೆಗೇ ಅದಕ್ಕೊಂದು ಸಲಕರಣೆ ಬಂದಿತ್ತು. ಜನ ಕೆಲಸ ಮಾಡುತ್ತಿರುವಾಗಲೇ ಅದು ನಿಧಾನವಾಗಿ ನಕಲು ತೆಗೆಯುತ್ತದೆ. ತೆಗೆಯುವಷ್ಟರಲ್ಲಿ ಏನೇನು ಬದಲಾಯಿತೆಂದು ಬೇರೆಯಾಗಿ ಗುರುತಿಟ್ಟುಕೊಂಡು, ಕೊನೆಗೆ ಎರಡನ್ನೂ ತಾಳೆ ಹಾಕುತ್ತದೆ. ಮೊದಮೊದಲು ಅಳಿಯ ಅದನ್ನೇ ಬಳಸಿದ. ಆದರೆ ಅದು ಮುಗಿಯುವ ಹೊತ್ತಿಗೆ ನೋಡಲು ಬಂದವರು ಆಕಳಿಸಿ ಎದ್ದು ಹೋಗುತ್ತಿದ್ದರು. ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಸಲಕರಣೆಯನ್ನು ಮೂಲೆಗೆ ತಳ್ಳಿ, ಫೈಲುಗಳನ್ನು ಇದ್ದ ಹಾಗೇ ಎತ್ತಿ ಇನ್ನೊಂದು ಕಡೆ ಹಾಕುವ, ಒಂದೇ ಸಾಲಿನ ಸ್ವಂತ ಆಜ್ಞೆಯೊಂದನ್ನು ಬರೆದ. ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತಿತ್ತು.

“ನಿಲ್ಲಿಸದೇನೇ ಕಾಪಿ, ಅತ್ತೆ!” ಎಂದ ಊಟಕ್ಕೆ ಕೂತಾಗ. “ಟೈಪಿನ ಅಕ್ಕ ಅಲ್ಲಿ ಟೈಪ್ ಮಾಡ್ತಾನೇ ಇರ್ತಾಳೆ, ನಾನಿಲ್ಲಿ ಕಾಪಿ ತೆಗೀತಾನೇ ಇರ್ತೀನಿ. ಒಂದೇ ಸಾಲು!”

“ಆ ಕಾಪಿ ತೆರೆದು ನೋಡಿದ್ರಾ?” ಎಂದಳು ನನ್ನ ಮಗಳು.

“ಯಾಕ್ ನೋಡ್ಬೇಕು? ಸೈಜ್ ಸರಿಯಾಗಿದೆ.”

“ಡಬ್ಬಿ ಭಾರ ಇದ್ರೆ ಒಳಗೆ ಸಕ್ಕರೇನೇ ಇದೆ ಅಂತೇನ್ರೀ?”

“ನಿಂಗ್ ಗೊತ್ತಾಗಲ್ಲ ಬಿಡು. ಬಡ್ಸು.”

ಗೊತ್ತಾಗಲ್ಲ ಎನ್ನುವುದು ಅವನ ಬಾಯಲ್ಲಿ ಉಗುಳಿನ ಹಾಗೆ ಸದಾ ಇರುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಂದು ದಿನ ಕಾರ್ಖಾನೆಯ ಯಜಮಾನರಿಗೆ ಹೇಳಿದ: “ಈ ಪ್ಲಾಸ್ಟರ್ ಕಾಲುಗಳು ಯಾಕೆ ಯಜಮಾನ್ರೆ? ಎಲ್ಲಾ ಅಳತೆ ನನ್ ಹತ್ರ ಇದೆ. ಧೂಳು ಹಿಡಿಯೋಕಾ?” ಯಜಮಾನರು ಕಾಲು ನೋಡಿಯೇ ಮನುಷ್ಯನನ್ನು ಗುರುತಿಸುವವರು, ಆದರೆ ಕಂಪ್ಯೂಟರಿನ ಮುಂದೆ ತಲೆಯಾಡಿಸುವವರು. ಕೆಳಗಿನ ಹಲಗೆಗಳ ಪಾದಗಳನ್ನೆಲ್ಲ ಒಡೆಸಿ ಹಾಕಿದರು. ಅದೇ ಉತ್ಸಾಹದಲ್ಲಿ ಇವನು ಎಲ್ಲರೆದುರು ನಿಂತು ಇನ್ನೂ ಒಂದು ಮಾತು ಸಾರಿದ್ದ: “ಕಾಪಿ ಇರೋ ಜಾಗದ ಪಾಸ್‌ವರ್ಡ್ ನನ್ ತಲೇಲಿ ಮಾತ್ರ. ನಿಮಗೂ ಕೊಡಲ್ಲ. ಟೈಪಿನ ಅಕ್ಕಂಗಂತೂ ಅಲ್ಲಿ ಇಣುಕೋಕೂ ಆಗಲ್ಲ.” ಹೊಲಿಗೆಯವರು ಚಪ್ಪಾಳೆ ತಟ್ಟಿದರು. ಅದು ಕುಚೋದ್ಯವೆಂದು ಅವನಿಗೆ ಇವತ್ತಿಗೂ ತಿಳಿದಿಲ್ಲ.

ಕಂಪ್ಯೂಟರಿನ ಡಿಸ್ಕು ಕೆಟ್ಟ ಬೆಳಿಗ್ಗೆ ನಾನು ಅಲ್ಲೇ ಬೆಂಚಿನ ಮೇಲೆ, ಹಳೆ ಬೂಟು ಬಿಚ್ಚಿಟ್ಟು, ಹೊಸದಕ್ಕೆ ಕಾದು ಕೂತಿದ್ದೆ. ಯಜಮಾನರ ಮುಖ ಇಳಿದಿತ್ತು. ಅಳಿಯನ ಮುಖ ಅರಳಿತ್ತು. ಅವನು ಕಾಯುತ್ತಿದ್ದ ದಿನವೇ ಬಂದಿತ್ತಲ್ಲ!

“ಯಾರೂ ಗಾಬರಿ ಆಗ್ಬೇಡಿ,” ಎಂದು ತಲೆ ಬಾಚಿಕೊಂಡ. ಹೊಸ ಡಿಸ್ಕು ಹಾಕಿದ. ನೆನ್ನೆಯ ಕಾಪಿ ತಂದ. ಬೆರಳೆತ್ತಿ ಇಳಿಸಿದ.

ಡೇಟಾಬೇಸು ಏಳಲಿಲ್ಲ.

ಇನ್ನೊಮ್ಮೆ ಇಳಿಸಿದ. ಮೊನ್ನೆಯ ಕಾಪಿ ತಂದ, ಅದರ ಹಿಂದಿನದನ್ನು ತಂದ. ಎಲ್ಲಕ್ಕೂ ಅದೇ ರೋಗ. ಬೆರಳು ಬರಬರುತ್ತ ಗೇಣೆತ್ತರಕ್ಕೆ, ಆಮೇಲೆ ಅಂಗುಲಕ್ಕೆ ಇಳಿಯಿತು. ಕತ್ತಿನ ಹಿಂದೆ ಬೆವರು ಸಾಲುಗಟ್ಟಿತು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

ಆಗ ಅವನು ಕುರ್ಚಿ ತಿರುಗಿಸಿ ಬೆರಳನ್ನು ಬೇರೆ ಕಡೆ ಎತ್ತಿದ. “ಟೈಪಿನ ಅಕ್ಕ ಏನೋ ಒತ್ತಿ ಕಾಪಿ ಕೆಡಿಸಿದಾಳೆ.”

ಅಲ್ಲಿಯ ಕಟ್ಟಳೆ ಎಲ್ಲರಿಗೂ ಗೊತ್ತಿದ್ದದ್ದೇ: ಗಿರಾಕಿಯ ಅಳತೆ ಕೆಡಿಸಿದವರು ಅಂದೇ ಹೊರಗೆ. ಹಿಂದೆ ಒಬ್ಬ ನುರಿತ ಚರ್ಮ ಕತ್ತರಿಸುವವನನ್ನೇ ಹಾಗೆ ಕಳಿಸಿದ್ದರು. ಟೈಪಿನ ಅಕ್ಕನ ಗಂಡ ಹಾಸಿಗೆ ಹಿಡಿದಿದ್ದ, ಅವಳ ಸಂಬಳದ ಮೇಲೆಯೇ ಮನೆ ನಿಂತಿತ್ತು. ಅವಳು ಎದ್ದು ನಿಂತಳು. ಕೈಗೆ ಏನು ಮಾಡಬೇಕೆಂದು ತಿಳಿಯದೆ ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿದಳು.

“ನಾನ್ ಏನೂ ಮಾಡಿಲ್ಲ, ಯಜಮಾನ್ರೆ.”

ಯಜಮಾನರು ಅವಳತ್ತ ನೋಡಲೇ ಇಲ್ಲ. ಅಳಿಯನನ್ನು ಕೇಳಿದರು: “ಕಾಪಿ ಇರೋ ಜಾಗಕ್ಕೆ ಅವಳು ಹೋಗ್ಬೇಕಾದ್ರೆ ಪಾಸ್‌ವರ್ಡ್ ಬೇಕಲ್ವೇನಪ್ಪ?”

“ಬೇಕು.”

“ಅದು ಎಲ್ಲಿರುತ್ತೆ ಅಂದಿದ್ದೆ?”

ಅಳಿಯ ಬಾಚಣಿಗೆ ತಡಕಿದ.

“ತಲೇಲಿ!” ಎಂದ ಹಿಂದಿನಿಂದ ಒಬ್ಬ ಹೊಲಿಗೆಯವನು. “ಸರದಾರ್ರ ತಲೇಲಿ!”

“ಇಣುಕೋಕೂ ಆಗಲ್ಲ ಅಂದಿದ್ರು,” ಎಂದ ಇನ್ನೊಬ್ಬ.

ಸುಳ್ಳು ಹೇಳುವವನಿಗೆ ನೆನಪಿರಬೇಕು ಎನ್ನುತ್ತಾರೆ. ಜಂಬದವನಿಗೆ ಆ ಸೌಕರ್ಯವೂ ಇಲ್ಲ, ಅವನ ಮಾತು ಊರಿಗೆಲ್ಲ ಬಾಯಿಪಾಠ.

ಕೊನೆಗೆ ಅವನು ತಡವರಿಸುತ್ತ ನಿಜ ಬಾಯಿಬಿಟ್ಟ. ಕಾಪಿ ತೆಗೆಯುವಾಗ ಅಕ್ಕ ಟೈಪು ಮಾಡುತ್ತಲೇ ಇರುತ್ತಿದ್ದಳು. ಮೊದಲ ಫೈಲು ಎತ್ತುವಾಗ ಇದ್ದದ್ದು ಕೊನೆಯ ಫೈಲು ಎತ್ತುವಷ್ಟರಲ್ಲಿ ಬದಲಾಗಿರುತ್ತಿತ್ತು. ಒಂದಕ್ಕೊಂದು ತಾಳೆಯಿಲ್ಲ. ಮೂಲೆಗೆ ತಳ್ಳಿದ ಸಲಕರಣೆ ಮಾಡುತ್ತಿದ್ದದ್ದು ಆ ತಾಳೆ ಹಾಕುವ ಕೆಲಸವನ್ನೇ.

ಯಜಮಾನರು ಅವನ ಕುರ್ಚಿಯ ಹತ್ತಿರ ಬಂದರು. “ಅಂದ್ರೆ, ನಡೀತಾ ಇರೋ ಕಾಲಿಗೆ ಟೇಪ್ ಹಿಡಿದೆ. ಹಿಮ್ಮಡಿ ಅಳೆದಾಗ ಇಲ್ಲಿತ್ತು, ಬೆರಳು ಅಳೆದಾಗ ಅಲ್ಲಿತ್ತು. ಅಂಥ ಬೂಟು ಯಾವ ಕಾಲಿಗಪ್ಪಾ ಹಿಡಿಯುತ್ತೆ?”

“ನಿಲ್ಲಿಸದೇ ತೆಗೆಯೋದೇ ಅದರ ವಿಶೇಷ...”

“ನಿಲ್ಸು. ಈಗ ಬಾಯಿ ನಿಲ್ಸು.”

ಅವನನ್ನೂ ಕಟ್ಟಳೆಯಂತೆ ಹೊರಗೆ ಹಾಕುತ್ತಾರೆಂದು ನಾನು ಬೂಟು ಹಾಕಿಕೊಳ್ಳತೊಡಗಿದ್ದೆ. ಮಗಳಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಆದರೆ ಯಜಮಾನರು ಗೂಟದಿಂದ ಅಳತೆ ಟೇಪು ತೆಗೆದು ಅವನ ಕೊರಳಿಗೆ ಹಾಕಿದರು. “ಹೊರಗೆ ಹಾಕಿದ್ರೆ ನಿನಗೆ ಸುಖ. ಉಳಿದಿರೋ ಪ್ಲಾಸ್ಟರ್ ಪಾದ ಎಲ್ಲಾ ನೀನೇ ಅಳೆ. ಒಡೆಸಿದ್ಯಲ್ಲ, ಆ ಪಾದಗಳ ಗಿರಾಕಿಗಳನ್ನ ನೀನೇ ಕರೆಸು, ನೀನೇ ಕೂತು ಅಳೆ. ಅಕ್ಕ ಟೈಪ್ ಮಾಡ್ಲಿ. ಅವಳು ಸರಿ ಅಂದ್ರೆ ಮಾತ್ರ ಸರಿ.”

ಅಕ್ಕ ಕೀಬೋರ್ಡಿನ ಮೇಲಿನ ಬಟ್ಟೆ ತೆಗೆದಳು.

ನನ್ನ ಪಾದದ ಅಚ್ಚು ಕೆಳಗಿನ ಹಲಗೆಯಲ್ಲಿತ್ತು, ಒಡೆದು ಹೋಗಿತ್ತು. ಹಾಗಾಗಿ ಮೊದಲ ಗಿರಾಕಿ ನಾನೇ. ಅಳಿಯ ಪ್ಯಾಂಟು ಮೇಲಕ್ಕೆಳೆದುಕೊಂಡು ನನ್ನ ಮುಂದೆ ಮಂಡಿಯೂರಿದ. ಊದಿದ ಪಾದವನ್ನು ಮುಟ್ಟಲು ಮೂಗು ಸಿಂಡರಿಸಿದ, ಯಜಮಾನರು ನೋಡಿದ್ದರಿಂದ ಮುಟ್ಟಿದ.

“ಅತ್ತೆ, ಅಲ್ಲಾಡ್ಬೇಡಿ. ಅಳತೆ ತಪ್ಪುತ್ತೆ.”

“ಇಷ್ಟು ದಿನಕ್ಕೆ ಗೊತ್ತಾಯ್ತಲ್ಲ ನಿಮಗೆ,” ಎಂದೆ.

ಅಕ್ಕ ಗಾಜಿನ ಗೂಡಿನಿಂದ, “ಹಿಮ್ಮಡಿ ಸರಿ ಇಲ್ಲ, ಇನ್ನೊಂದ್ಸಲ,” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಅವತ್ತು ಹಿಮ್ಮಡಿಯನ್ನು ಮತ್ತೆ ಮತ್ತೆ ಅಳೆಸಿದಳು.

ಮಂಡಿ ಸವೆದರೆ ಬುದ್ಧಿ ಬೆಳೆಯುತ್ತದೆ ಎಂದುಕೊಂಡಿದ್ದೆ. ಕೆಲವರಿಗೆ ಮಂಡಿ ಮಾತ್ರ ಸವೆಯುತ್ತದೆ. ಅಳತೆಗಳೆಲ್ಲ ಮತ್ತೆ ಒಳಗೆ ಸೇರಿದ ಮೇಲೆ ಅವನು ಆ ಹಳೆ ಸಲಕರಣೆಯನ್ನು ಮೂಲೆಯಿಂದ ಎಳೆದು ತಂದ. ಒಂದು ಸಾಲು ನಕಲಿಗೆ, ಇನ್ನೊಂದು ಸಾಲು ತಾಳೆಗೆ. ಅದನ್ನು ತಾನೇ ಕಂಡುಹಿಡಿದವನಂತೆ ಮೊನ್ನೆ ತಟ್ಟೆಯ ಮುಂದೆ ಕೂತು ಎದೆ ಉಬ್ಬಿಸಿದ:

“ಈಗ ಎರಡು ಸಾಲು, ಅತ್ತೆ! ನಿಲ್ಲಿಸದೇ, ತಪ್ಪದೇ! ಇವತ್ತಿನ ಕಾಪಿ ನೋಡ್ಬೇಕಿತ್ತು ನೀವು, ಎಂಥಾ ಸೈಜು!”

“ತೆರೆದು ನೋಡಿದ್ರಾ?” ಎಂದಳು ಮಗಳು, ಸೌಟು ಎತ್ತಿ ಹಿಡಿದುಕೊಂಡೇ.

ಅವನು ತುತ್ತನ್ನು ತಟ್ಟೆಗೆ ಇಳಿಸಿದ. ಕೈ ತೊಳೆದ. ಬಾಚಣಿಗೆಯನ್ನೂ ಮರೆತು ಕಾರ್ಖಾನೆಯ ಕಡೆ ಹೊರಟ.