ಬಾಯಮ್ಮ ನಂದಿಸಿದ ಮೇಣದಬತ್ತಿ

ವಿಲ್ಲಿ, ಕುಲಶೇಖರದ ನಿಮ್ಮ ಮನೆಗೆ ಬೆಂಕಿ ಬಿದ್ದದ್ದು ನಿನ್ನ ಅಮ್ಮನ ಮೇಣದಬತ್ತಿಯಿಂದಲ್ಲ. ನಾನು ರಿಪೇರಿ ಮಾಡಿದ ಟಿವಿಯಿಂದ. ಅದು ನನಗೆ ಆವತ್ತೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಅಮ್ಮನ, ನಮ್ಮೆಲ್ಲರ ಬಾಯಮ್ಮನ, ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ನೀನು ಆಗ ಕುವೈತಿನಲ್ಲಿದ್ದೆ. ನಿನ್ನ ಹೆಂಡತಿ ಲವೀನಾ ಫೋನಿನಲ್ಲಿ ಅಳುತ್ತ ಹೇಳಿದ್ದಷ್ಟೇ ನಿನಗೆ ಗೊತ್ತು. ಅವಳು ಹೇಳಿದ್ದು ನಾನು ಅವಳಿಗೆ ಹೇಳಿಕೊಟ್ಟದ್ದು. ಹಾಗಾಗಿ ಉಳಿದದ್ದನ್ನು — ನಿಜವಾದದ್ದನ್ನು — ನಾನೇ ಹೇಳಬೇಕು.

ನೀನು ಕಾರ್ಗೋದಲ್ಲಿ ಕಳಿಸಿದ ಆ ಪ್ರೊಜೆಕ್ಷನ್ ಟಿವಿ ನೆನಪಿದೆಯಲ್ಲ, ಕಪಾಟಿನಷ್ಟು ದೊಡ್ಡದು. ಹೊಟ್ಟೆಯೊಳಗೆ ಕೆಂಪು, ಹಸಿರು, ನೀಲಿ ಎಂದು ಮೂರು ಟ್ಯೂಬು, ಹಿಂದೆ ಒಂದು ಕನ್ನಡಿ, ಆ ಕನ್ನಡಿಯಿಂದ ಚಿತ್ರ ಪರದೆಗೆ ಬೀಳುವುದು. ಮಂಗಳೂರಿನಲ್ಲಿ ಆ ಜಾತಿಯ ಟಿವಿಯನ್ನು ಬಿಚ್ಚುವ ಧೈರ್ಯ ಇದ್ದವರು ಕಡಿಮೆ. ನನಗಿತ್ತು. ಧೈರ್ಯಕ್ಕಿಂತ ಜಂಬ ಹೆಚ್ಚಿತ್ತು ಅನ್ನು. ಬೇರೆಯವರು ಕೈಬಿಟ್ಟ ಸೆಟ್ಟು ನನ್ನ ಅಂಗಡಿಗೆ ಬಂದರೆ ನನಗೆ ಹಬ್ಬ. ‘ಆಗುವುದಿಲ್ಲ’ ಎಂಬ ಮಾತು ನನ್ನ ಬಾಯಿಂದ ಯಾರೂ ಕೇಳಿರಲಿಲ್ಲ.

ನಿಮ್ಮ ಟಿವಿಗೆ ಬಂದ ರೋಗ ಇದು: ಹಾಕಿದರೆ ಚಿತ್ರ ಬರುತ್ತದೆ, ಸ್ವಲ್ಪ ಹೊತ್ತಿಗೆ ‘ಟಕ್’ ಎಂದು ತಾನಾಗಿಯೇ ಬಂದ್ ಆಗುತ್ತದೆ. ನಾನು ನಿಮ್ಮ ಮನೆಗೇ ಬಂದು ಹಿಂದಿನ ಹಲಗೆ ಬಿಚ್ಚಿದೆ. ಟ್ಯೂಬು ಬಿಸಿಯಾಗದಿರಲಿ ಎಂದು ಅದರ ಮುಂದೆ ಒಂದು ದ್ರವ ತುಂಬಿರುತ್ತಾರೆ, ಕೂಲೆಂಟ್. ಹಸಿರು ಟ್ಯೂಬಿನಲ್ಲಿ ಅದನ್ನು ಸೋರದಂತೆ ತಡೆಯುವ ರಬ್ಬರು ಸೋತು, ಆ ದ್ರವ ಹನಿಹನಿಯಾಗಿ ಕೆಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಬೀಳುತ್ತಿತ್ತು. ಒಳಗೆ ಏನೋ ಕೆಟ್ಟಿದೆ ಎಂದು ಗೊತ್ತಾದರೆ ಕರೆಂಟು ಕಡಿದು ಹಾಕುವ ಒಂದು ವ್ಯವಸ್ಥೆ ಆ ಟಿವಿಯಲ್ಲೇ ಇರುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಎಚ್ಚರಿಸುತ್ತಿತ್ತು.

ನಾನು ಮಾಡಬೇಕಾಗಿದ್ದದ್ದು ಸರಳ. ಪ್ಲಗ್ ಕಿತ್ತು, ‘ಮುಂಬೈಯಿಂದ ರಬ್ಬರ್ ಬರುವ ತನಕ ಇದನ್ನು ಮುಟ್ಟಬೇಡಿ’ ಎಂದು ಹೇಳಬೇಕಿತ್ತು. ಆದರೆ ಆ ಭಾನುವಾರ ನಿನ್ನ ಮಗಳು ರಿಯಾಳಿಗೆ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಕೊಡುವ ದಿನ. ಮನೆ ತುಂಬ ನೆಂಟರು ಬರುವವರಿದ್ದರು. ಲವೀನಾ ಹಿಂದೆಯೇ ನಿಂತು ಕೇಳಿದಳು, “ನಿಮ್ಮಿಂದಲೂ ಆಗುದಿಲ್ವಾ ಸದಾಣ್ಣ?” ಅಷ್ಟೇ. ಅಷ್ಟು ಸಾಕಾಯಿತು ನನಗೆ. ಬೋರ್ಡನ್ನು ಬಟ್ಟೆಯಿಂದ ಒರೆಸಿದೆ, ಕೂದಲು ಒಣಗಿಸುವ ಮೆಷಿನ್ ಹಿಡಿದು ಒಣಗಿಸಿದೆ. ಮತ್ತೂ ಬಂದ್ ಆಯಿತು. ಆಗ ಆ ಎಚ್ಚರಿಸುವ ವಯರನ್ನೇ ಕತ್ತರಿಸಿ ಹಾಕಿದೆ.

ಟಿವಿ ಬಂದ್ ಆಗದೆ ಓಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಬಾಯಮ್ಮ ಸ್ವಂತ ಮಗನ ತಲೆ ಸವರಿದ ಹಾಗೆ ನನ್ನ ತಲೆ ಸವರಿ, “ನಿನ್ನ ಕೈಗುಣ ಪುತಾ” ಎಂದರು. ರಬ್ಬರು ಬಂದ ಕೂಡಲೇ ಬಂದು ಸರಿಯಾಗಿ ಮಾಡುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ರಬ್ಬರನ್ನು ತರಿಸಲೇ ಇಲ್ಲ. ಓಡುವ ಟಿವಿಯ ನೆನಪು ಯಾವ ಮೆಕ್ಯಾನಿಕ್‌ಗೆ ಇರುತ್ತದೆ?

ಆಮೇಲೆ ಒಂದು ದಿನ ಬಾಯಮ್ಮನ ಫೋನು ಬಂತು. “ಸದಾ, ಟಿವಿ ಹಾಕಿದರೆ ಹಾಲ್‌ನಲ್ಲಿ ಬೆಲ್ಲ ಕಾಯಿಸಿದ ಹಾಗೆ ವಾಸನೆ ಬರ್ತದೆ. ಎಂತ ಅದು?”

“ಎಂತ ಇಲ್ಲ ಬಾಯಮ್ಮ. ಹೊಸ ಪಾರ್ಟ್‌ನ ವಾಸನೆ. ಹೋಗ್ತದೆ.”

ನಾನು ಯಾವ ಹೊಸ ಪಾರ್ಟನ್ನೂ ಹಾಕಿರಲಿಲ್ಲ, ವಿಲ್ಲಿ. ಆ ಸಿಹಿ ವಾಸನೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೂಲೆಂಟ್ ಬಿಸಿ ಬೋರ್ಡಿನ ಮೇಲೆ ಬಿದ್ದು ಕಾಯುತ್ತಿತ್ತು. ಫೋನ್ ಇಟ್ಟು ಇನ್ನೊಂದು ಸೆಟ್ಟು ಬಿಚ್ಚಲು ಕೂತೆ. ಎದ್ದು ಹೋಗಬಹುದಿತ್ತು. ನನ್ನ ಅಂಗಡಿಯಿಂದ ನಿಮ್ಮ ಮನೆ ಎಷ್ಟು ದೂರ — ಹೋಗಲಿಲ್ಲ. ಅವರು ಇನ್ನೊಮ್ಮೆ ಫೋನ್ ಮಾಡಿದರು. ನಾನು ಅದನ್ನೇ ಹೇಳಿದೆ. ಮತ್ತೆ ಅವರು ಕೇಳಲಿಲ್ಲ, ನನ್ನ ಮಾತು ನಂಬಿದರು.

ಬೆಂಕಿ ಬಿದ್ದ ಆ ಸಂಜೆ ಜಪಮಾಲೆ ಹಿಡಿದು ತೇರ್ಸ್ ಹೇಳಿ ಮುಗಿದಿತ್ತು. ಟಿವಿಯ ತಲೆ ಮೇಜಿನಷ್ಟು ಅಗಲವಿತ್ತಲ್ಲ, ಬಾಯಮ್ಮ ಅದರ ಮೇಲೆ ಲೇಸಿನ ಬಟ್ಟೆ ಹಾಸಿ, ಮಾತೆ ಮರಿಯಮ್ಮನ ಪ್ರತಿಮೆ ಇಟ್ಟು, ಪ್ರಾರ್ಥನೆಗೆ ಅಲ್ಲೇ ಮೇಣದಬತ್ತಿ ಹಚ್ಚುತ್ತಿದ್ದರು. ಪ್ರಾರ್ಥನೆ ಮುಗಿಸಿ, ಅದನ್ನು ಊದಿ ನಂದಿಸಿ, ಅಡುಗೆಮನೆಗೆ ಹೋದರು. ಮಕ್ಕಳು ಕಾರ್ಟೂನ್ ಹಾಕಿದರು. ಲವೀನಾ ಹಿತ್ತಿಲಿಂದ ಕರೆದಾಗ ಟಿವಿಯನ್ನು ಹಾಗೆಯೇ ಬಿಟ್ಟು ಓಡಿದರು. ಹೊಗೆ ಕಂಡು ಎಲ್ಲರೂ ಬರುವಷ್ಟರಲ್ಲಿ ರಿಯಾ ಒಳಗೆ ನುಗ್ಗಿಯಾಗಿತ್ತು. ಮರಿಯಮ್ಮನನ್ನು ತರಲಿಕ್ಕೆ ಹೋದದ್ದು ಆ ಮಗು. ಅವಳ ಬಲಗೈ ಮೊಣಕೈಯ ತನಕ ಸುಟ್ಟಿತು.

ಮರುದಿನ ಬೆಳಿಗ್ಗೆ ನಾನು ಬಂದೆ. ಸೆಟ್ಟು ಕೆಳಗಿನಿಂದ ಮೇಲಕ್ಕೆ ಸುಟ್ಟಿತ್ತು. ಒಂದು ನೋಟ ಸಾಕಿತ್ತು. ಬೋರ್ಡಿನ ನಡುವೆ ತೂತು ಬಿದ್ದಿತ್ತು. ಪಕ್ಕದ ಮನೆಯವರು ಯಾರೋ, “ಮೇಲೆ ಕ್ಯಾಂಡಲ್ ಉಂಟಲ್ಲ ಮಾರಾಯ” ಎಂದರು. ನನ್ನನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೇ ಮುಂದೆ ಬಂದು, “ಹೌದು, ಮೇಣ ಕರಗಿ ಟಿವಿಯ ಜಾಲರಿಯಿಂದ ಒಳಗೆ ಇಳಿದದ್ದು” ಎಂದೆ. ಮೆಕ್ಯಾನಿಕ್ ಹೇಳಿದ ಮೇಲೆ ಮುಗಿಯಿತಲ್ಲ. ಲವೀನಾ ತಿರುಗಿ ಅತ್ತೆಯ ಕಡೆ ನೋಡಿದಳು. ಆ ನೋಟ ನಾನು ಮರೆತಿಲ್ಲ.

ಬಾಯಮ್ಮ ಗೋಡೆ ಹಿಡಿದು ನಿಂತಿದ್ದರು. “ನಾನು ಊದಿದ್ದೇನೆ ಪುತಾ. ಬತ್ತಿಯ ವಾಸನೆ ಸಹ ನೆನಪುಂಟು. ನೀನು ಹೇಳು, ಟಿವಿಯಿಂದಲೇ ಬೆಂಕಿ ಬರ್ಲಿಕ್ಕೆ ಉಂಟಾ?”

“ಇಲ್ಲ ಬಾಯಮ್ಮ. ನೀವು ಮರೆತಿರಬೇಕು.”

ಅವರು ನನ್ನನ್ನೇ ನೋಡಿದರು. ಆಮೇಲೆ ನಿಧಾನಕ್ಕೆ, ತಮಗೆ ತಾವೇ ಎಂಬಂತೆ, “ಇರಬೇಕು” ಎಂದರು. ಬೆಂಕಿ ಸುಟ್ಟದ್ದಕ್ಕಿಂತ ಹೆಚ್ಚಿನದನ್ನು ನಾನು ಆ ಗಳಿಗೆಯಲ್ಲಿ ಸುಟ್ಟೆ. ಸುಟ್ಟ ಬೋರ್ಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಕೂಳೂರು ಸೇತುವೆಯಿಂದ ಹೊಳೆಗೆ ಎಸೆದೆ.

ಇನ್ನೊಂದು ಮಾತು ಹೇಳದಿದ್ದರೆ ಈ ನಿವೇದನೆಯೂ ಅರ್ಧ ಸುಳ್ಳಾಗುತ್ತದೆ. ಆ ವಯರನ್ನು ನಾನು ನಿಮ್ಮ ಮನೆಯಲ್ಲಿ ಮಾತ್ರ ಕತ್ತರಿಸಿದ್ದಲ್ಲ. ಬೇರೆ ಮನೆಗಳಲ್ಲೂ ಕತ್ತರಿಸಿದ್ದೆ. ಬೆಂಕಿಯಾದ ಮೇಲೆ ‘ಸರ್ವಿಸ್’ ಎಂಬ ನೆಪ ಹೇಳಿ ಒಂದೊಂದೇ ಮನೆಗೆ ಹೋಗಿ ಮತ್ತೆ ಜೋಡಿಸಿ ಬಂದೆ. ಅಂದರೆ ತಪ್ಪು ಎಲ್ಲಿದೆ ಎಂದು ನನಗೆ ಅಷ್ಟು ಸ್ಪಷ್ಟವಿತ್ತು. ಅವರ ಮನೆಗಳನ್ನು ಉಳಿಸಿದೆ. ನಿನ್ನ ಅಮ್ಮನನ್ನು ಮಾತ್ರ ಹಾಗೆಯೇ ಬಿಟ್ಟೆ.

ನೀವು ಕೊಟ್ಟಾರದ ಫ್ಲ್ಯಾಟಿಗೆ ಬಂದ ಮೇಲೆ ಬಾಯಮ್ಮನನ್ನು ಗ್ಯಾಸಿನ ಹತ್ತಿರ ಬಿಡಲಿಲ್ಲ. ಮಕ್ಕಳನ್ನು ಅವರೊಬ್ಬರ ವಶಕ್ಕೆ ಬಿಡಲಿಲ್ಲ. ಅವರು ಯಾವುದಕ್ಕೂ ಬೇಸರ ಹೇಳಲಿಲ್ಲ. ಸರಿ ಎಂದೇ ಒಪ್ಪಿದರು. ಬಾಗಿಲು ಹಾಕಿದೆನಾ, ಮಾತ್ರೆ ತೆಗೆದುಕೊಂಡೆನಾ, ನಲ್ಲಿ ನಿಲ್ಲಿಸಿದೆನಾ — ಎಲ್ಲದಕ್ಕೂ ಇನ್ನೊಬ್ಬರ ಮುಖ ನೋಡತೊಡಗಿದರು. ಈಗಿನ ಮರೆವು ವಯಸ್ಸಿನದ್ದೂ ಇರಬಹುದು, ನಾನು ಡಾಕ್ಟರ್ ಅಲ್ಲ. ಆದರೆ ಮೊದಲ ಅನುಮಾನವನ್ನು ಅವರ ತಲೆಯಲ್ಲಿ ಇಟ್ಟವನು ನಾನು.

ಕಳೆದ ವಾರ ನೀನು ನನ್ನ ಅಂಗಡಿಯಲ್ಲಿ ಕೂತು ಹೇಳಿದೆ, “ಮಮ್ಮಿಯನ್ನು ವೃದ್ಧಾಶ್ರಮಕ್ಕೆ ಸೇರಿಸ್ತೇವೆ ಮಾರಾಯ. ಒಮ್ಮೆ ಮನೆ ಸುಟ್ಟವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡ್ಲಿಕ್ಕೆ ಆಗ್ತದಾ?” ನನ್ನ ಕೈಯಲ್ಲಿ ಚಾ ಇತ್ತು. ಅದನ್ನು ಬದಿಗಿಟ್ಟು, ಬಿಚ್ಚಿದ ಸೆಟ್ಟಿನ ಕಡೆ ತಿರುಗಿದೆ. 

ಮರುದಿನ ನೀವು ಯಾರೂ ಇಲ್ಲದ ಹೊತ್ತು ನೋಡಿ ಬಾಯಮ್ಮನ ಹತ್ತಿರ ಹೋದೆ. ಕೆಲಸದವಳು ಬಾಗಿಲು ತೆಗೆದಳು. ಅವರ ಕಾಲ ಬುಡದಲ್ಲಿ ಕೂತು ಎಲ್ಲವನ್ನೂ ಹೇಳಿದೆ — ವಯರು, ವಾಸನೆ, ಹೊಳೆಗೆ ಎಸೆದದ್ದು, ಎಲ್ಲ. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಣ್ಣು ಒರೆಸಿ ನಕ್ಕರು. “ನಿನ್ನದು ಒಳ್ಳೆ ಮನಸ್ಸು ಪುತಾ. ನನ್ನ ಪಾಪ ನೀನು ಹೊರಬೇಡ. ನಾನೇ ಮರೆತದ್ದು. ಆಗ ನೀನೇ ಹೇಳಿದ್ದಲ್ವಾ?”

ವಿಲ್ಲಿ, ಕ್ಷಮೆ ಕೇಳಲು ಇದನ್ನು ಬರೆದಿಲ್ಲ. ಭಾನುವಾರ ಪೂಜೆ ಮುಗಿಸಿ ನೀವು ಮನೆಗೆ ಬರುವ ಹೊತ್ತಿಗೆ ನಾನು ಅಲ್ಲಿರುತ್ತೇನೆ. ಲವೀನಾಳ ಎದುರು, ರಿಯಾಳ ಎದುರು ಹೇಳುತ್ತೇನೆ. ಹೊಡೆಯುವುದಿದ್ದರೆ ಹೊಡಿ, ಪೊಲೀಸರಿಗೆ ಹೇಳುವುದಿದ್ದರೆ ಹೇಳು. ಆಶ್ರಮದವರಿಗೆ ಅಷ್ಟರ ತನಕ ಏನೂ ಹೇಳಬೇಡ. ಮತ್ತೆ ನಿನ್ನ ಅಮ್ಮನ ಹತ್ತಿರ ಕೂತು, ಅವರು ಆ ಮೇಣದಬತ್ತಿಯನ್ನು ನಂದಿಸಿಯೇ ಹೋಗಿದ್ದರು ಎಂದು ನೀನು ಹೇಳು. ನಾನು ಹೇಳಿದರೆ ಅವರು ಇನ್ನು ನಂಬುವುದಿಲ್ಲ.