ಒಂದೇ ಕಣ್ಣಿಗೆ ಏಳದ ಗುಡ್ಡ

ನಕ್ಷೆ ತಯಾರಿಸುವ ಆ ಕಚೇರಿಯಲ್ಲಿ ಅವರನ್ನು ಎಲ್ಲರೂ ಹದ್ದು ಎಂದೇ ಕರೆಯುತ್ತಿದ್ದರು. ವಿಮಾನದ ತಳದಲ್ಲಿ ತೂತು ಕೊರೆಸಿ, ಅದಕ್ಕೆ ಕ್ಯಾಮೆರಾ ಇಳಿಸಿ, ಬೋರಲು ಮಲಗಿ ನೆಲದ ಚಿತ್ರ ತೆಗೆದವರಲ್ಲಿ ಅಲ್ಲಿ ಅವರೇ ಮೊದಲಿಗರು. ಹದಿನೆಂಟು ವರ್ಷ ಆ ತೂತಿನ ಚಳಿಗಾಳಿಗೆ ಮುಖವೊಡ್ಡಿದರು. ಆಮೇಲೆ ಮೇಜಿನ ಕೆಲಸ ಬಂತು. ಒಂದೇ ಜಾಗವನ್ನು ಬೇರೆ ಬೇರೆ ಕೋನದಿಂದ ತೆಗೆದ ಎರಡು ಚಿತ್ರಗಳನ್ನು ಜೋಡಿ ಮಸೂರದಡಿ ಇಟ್ಟು ನೋಡಬೇಕು. ಎರಡೂ ಕಣ್ಣು ಕೂಡಿದರೆ ಮಾತ್ರ ಗುಡ್ಡ ಎದ್ದು ನಿಲ್ಲುತ್ತದೆ, ಹಳ್ಳ ಇಳಿಯುತ್ತದೆ. ಎತ್ತರ ಅಳೆಯುವುದು ಹಾಗೆ.

ಐವತ್ತೊಂದನೆಯ ವಯಸ್ಸಿನಲ್ಲಿ ಅವರ ಬಲಗಣ್ಣು ಮಂಜಾಯಿತು. ಮೊದಲು ತಿಳಿದದ್ದು ಹೆಂಡತಿಗೆ.

"ನೀರು ಲೋಟಕ್ಕೆ ಹಾಕ್ರೀ, ಮೇಜಿಗೇನು ಬಾಯಾರಿಕೆಯಾ?"

"ಕೈ ತಪ್ತು ಕಣೇ."

"ದಿನಾ ತಪ್ಪುತ್ತಾ? ಸಾಹೇಬರಿಗೆ ಹೇಳಿಬಿಡಿ."

"ಹೇಳಿದ್ರೆ ನಾಳೆಯಿಂದ ಮನೇಲೇ. ಕುರುಡು ಹದ್ದು ಯಾರಿಗೆ ಬೇಕು?"

ಆಗ ಕೈಯಲ್ಲಿದ್ದುದು ಹೊಸ ಅಣೆಕಟ್ಟಿನ ನಕ್ಷೆ. ನೀರು ಎಲ್ಲಿಯವರೆಗೆ ಏರುತ್ತದೆಂದು ಗೆರೆ ಎಳೆಯಬೇಕಿತ್ತು. ಮಸೂರದಡಿ ಅವರಿಗೆ ಎಲ್ಲವೂ ಚಪ್ಪಟೆ. ಮರಗಳ ನೆರಳು ನೋಡಿ, ಹಳೆಯ ಅನುಭವದ ಮೇಲೆ ಅಂದಾಜಿನಲ್ಲಿ ಎತ್ತರ ಬರೆದರು. ಮೂವತ್ತೇಳು ಮನೆಗಳ ಒಂದು ಊರು ಗೆರೆಗಿಂತ ಮೇಲೆ, ಒಣನೆಲದಲ್ಲಿ ಉಳಿಯಿತು.

ನಕ್ಷೆ ಅಚ್ಚಿಗೆ ಹೋಗುವ ಹಿಂದಿನ ದಿನ ಆ ಊರಿನ ಚಿತ್ರವನ್ನು ಮತ್ತೆ ಮಸೂರದಡಿ ಇಟ್ಟರು. ಚಿತ್ರದ ಒಂದು ಅಂಗಳದಲ್ಲಿ ಯಾರೋ ಬಟ್ಟೆ ಒಣಹಾಕಿದ್ದರು. ಎದ್ದು ನೇರ ಸಾಹೇಬರ ಕೋಣೆಗೆ ಹೋದರು.

"ಸರ್, ಆ ಎತ್ತರ ನಾನು ನೋಡಿ ಬರೆದದ್ದಲ್ಲ. ಊಹಿಸಿದ್ದು. ಕಣ್ಣು ಹೋಗಿ ಎಂಟು ತಿಂಗಳಾಯ್ತು."

"ಅಲ್ರೀ, ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

ಅವರು ಜೋಡಿ ಚಿತ್ರಗಳನ್ನು ಮುಂದಿಟ್ಟು, ಬೇರೆಯವರಿಂದ ಮತ್ತೆ ಅಳೆಯಿಸಿ ಎಂದರು.

ಅವರೇ ಕೆಲಸ ಕಲಿಸಿದ್ದ ಹುಡುಗಿ ಅವರ ಕುರ್ಚಿಯಲ್ಲಿ ಕೂತು ಮಸೂರಕ್ಕೆ ಬಗ್ಗಿದಳು. ಅವರು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ನಿಂತರು.

"ಊರು ಗೆರೆಯಿಂದ ಕೆಳಗಿದೆ ಸರ್."

"ಎಷ್ಟು?"

"ನಾಲ್ಕು ಮೀಟರ್."

"ಇನ್ನೊಂದ್ಸಲ ನೋಡಮ್ಮ."

ನೋಡಿದಳು. ಅಷ್ಟೇ ಬಂತು. ನೀರು ನುಗ್ಗುವ ಮೊದಲೇ ಆ ಜನಕ್ಕೆ ಊರು ಬಿಡಿ ಎಂದು ಹೇಳಬಹುದು. ಅದಕ್ಕಿಂತ ಒಳ್ಳೆಯ ಸುದ್ದಿ ಏನೂ ಇರಲಿಲ್ಲ. ಅವರು ತಮ್ಮ ಅಂಕಿಯನ್ನು ಹೊಡೆದುಹಾಕಿ, ಅವಳು ಹೇಳಿದ್ದನ್ನು ಬರೆದರು. ನೀಲಿ ಪೆನ್ಸಿಲ್ ತೆಗೆದುಕೊಂಡು ಮನೆಗಳ ಮೇಲೆ ಒಂದೊಂದಾಗಿ ಬಣ್ಣ ತುಂಬತೊಡಗಿದರು. ಬಣ್ಣ ಎಲ್ಲೂ ಗೆರೆ ದಾಟದಂತೆ ಅವಳು ಅವರ ಕೈಹಿಡಿದು ತೋರಿಸಬೇಕಾಯಿತು.